ನಾಣಯ್ಯನವರು ಉಂಡ ಎಲೆ

ತೀರ್ಥಪ್ರಸಾದನಿಗೆ ತಟ್ಟೆ ಬರೆಯಲು ಬರುತ್ತಿರಲಿಲ್ಲ. ಆ ಶನಿವಾರ ನಡೆದ ಸಕಲ ಅನಾಹುತಗಳಿಗೂ ಮೂಲ ಇಷ್ಟೇ. ಗೋಣಿಕೊಪ್ಪಲಿನ ಚಿತ್ರಕಲಾ ಕಾಲೇಜಿನಲ್ಲಿ ಮೂರನೆಯ ವರ್ಷ ಓದುತ್ತಿದ್ದ ಅವನು ಮರ ಬರೆದರೆ ಮರವಾಗುತ್ತಿತ್ತು, ಆನೆ ಬರೆದರೆ ಹೆಚ್ಚುಕಡಿಮೆ ಆನೆಯಾಗುತ್ತಿತ್ತು. ತಟ್ಟೆ ಬರೆದರೆ ಮಾತ್ರ ಅದರ ಮೇಲೆ ಯಾರೋ ಕೂತು ಎದ್ದುಹೋದಂತೆ ಕಾಣುತ್ತಿತ್ತು. ಹಾಗೆಂದು ಹೇಳಿದವರು ಅವನ ಮೇಷ್ಟ್ರು ಪ್ರಜ್ಞೇಶ್ ಸರ್. ಹೇಳಿದ್ದು ಇಡೀ ತರಗತಿಯ ಎದುರು.

ಸ್ಟಿಲ್ ಲೈಫ್ ಎಂದರೆ ನಾಲ್ಕು ಸಾಮಾನನ್ನು ಎದುರಿಗೆ ಜೋಡಿಸಿಕೊಂಡು, ಅವನ್ನೇ ನೋಡುತ್ತ ಬರೆಯುವ ಚಿತ್ರ. ಈ ಪೇಪರಿನಲ್ಲಿ ತೀರ್ಥ ಆಗಲೇ ಎರಡು ಸಲ ಮುಗ್ಗರಿಸಿದ್ದ. ಮೊದಲ ಸಲ ಸೇಬುಹಣ್ಣು, ಹೂದಾನಿಗಳನ್ನು ಫೋನಿನಲ್ಲಿದ್ದ ಫೋಟೋ ನೋಡಿ ಬರೆದು ಸಿಕ್ಕಿಬಿದ್ದ. ಎರಡನೆಯ ಸಲ ಎದುರಿಗಿಟ್ಟುಕೊಂಡೇ ಬರೆದ. ಆದರೆ ಕಿಟಕಿಯ ಬೆಳಕೂ ಟ್ಯೂಬ್‌ಲೈಟಿನ ಬೆಳಕೂ ಸೇರಿ ಒಂದೊಂದು ವಸ್ತುವಿಗೂ ಎರಡೆರಡು ನೆರಳು ಬಿದ್ದವು. ತಟ್ಟೆಯಂತೂ ಎಂದಿನಂತೆ ಇತ್ತು. ಮೂರನೆಯದೇ ಕೊನೆಯ ಅವಕಾಶ. ಇದೂ ಹೋದರೆ ವರ್ಷ ಹೋಯಿತು. ವರ್ಷ ಹೋದರೆ ಕಾಲೇಜೂ ಹೋಯಿತು. ಏಕೆಂದರೆ ಭಾಗಮಂಡಲದ ಕಡೆಯಿದ್ದ ಅವನ ಮಾವ ಒಂದು ಕಾಫಿ ಎಸ್ಟೇಟಿನಲ್ಲಿ ಅವನಿಗಾಗಿ ರೈಟರ್ ಕೆಲಸ ಹಿಡಿದಿಟ್ಟು ಕಾಯುತ್ತಿದ್ದರು.

"ಕೆಲಸ ಉಂಟು, ಇರೋಕೆ ಮನೆ ಉಂಟು. ಇನ್ನೆಂಥ ಬೇಕು ನಿಂಗೆ?" ಎಂದು ಮಾವ ಶುಕ್ರವಾರವೂ, ಪಕ್ಕದ ರೂಮಿನವರಿಗೂ ಕೇಳುವಷ್ಟು ಜೋರಾಗಿ, ಫೋನು ಮಾಡಿದ್ದರು. "ಸೋಮವಾರ ಬೆಳಗ್ಗೆ ಮ್ಯಾನೇಜರು ಕಾಯ್ತಾರೆ."

ರೈಟರ್ ಎಂದರೆ ಬೆಳಗ್ಗೆ ಆಳುಗಳ ಲೈನ್‌ಮನೆಗಳ ಎದುರು ನಿಂತು ಹಾಜರಿ ಹಾಕುವುದು, ಪಿಕ್ಕಿಂಗ್ ಆದ ಕಾಫಿಹಣ್ಣು ಅಳೆಸುವುದು, ಕತ್ತಲಾಗುವವರೆಗೆ ಪುಸ್ತಕದ ಗೆರೆಗಳ ನಡುವೆ ಬರೆಯುವುದು. ಮರ್ಯಾದಸ್ಥ ಕೆಲಸವೇ. ಆದರೆ ತೀರ್ಥನಿಗೆ ಗೆರೆಗಳ ನಡುವೆ ಬರೆಯುವುದೆಂದರೆ ಭಯ. "ಶನಿವಾರ ನಾಲ್ಕು ಗಂಟೆ ಆಗಲಿ ಮಾವ" ಎಂದು ಬೇಡಿಕೊಂಡಿದ್ದ.

ಪ್ರಜ್ಞೇಶ್ ಸರ್ ಈ ಸಲ ಮೋಸಕ್ಕೆ ಸಂದಿಯನ್ನೇ ಉಳಿಸಿರಲಿಲ್ಲ. "ಶನಿವಾರ ಬೆಳಗ್ಗೆ ನಿನ್ನ ರೂಮಿನಲ್ಲೇ ಜೋಡಿಸಿ ಬರಿ. ಸಂಜೆ ನಾಲ್ಕಕ್ಕೆ ನಾನೇ ಬರ್ತೇನೆ. ಸಾಮಾನು, ಚಿತ್ರ ಎರಡೂ ಅಕ್ಕಪಕ್ಕ ಇರಬೇಕು, ತಾಳೆ ನೋಡ್ತೇನೆ. ರೂಮಿನೊಳಗೆ ಫೋನ್ ಇರಬಾರದು. ಸೇಬುಹಣ್ಣು ಬೇಡ ಮಾರಾಯ, ನೋಡಿ ನೋಡಿ ಸಾಕಾಗಿದೆ. ಈ ಊರಿನ ಸಾಮಾನು ಇಡು. ಒಂದೇ ಮಾತು ನೆನಪಿಟ್ಟುಕೊ: ಬರೆಯೋದು ಕೈಯಲ್ಲ, ಕಣ್ಣು. ನೋಡು, ನೋಡು, ನೋಡು."

ತೀರ್ಥನ ರೂಮು ಇದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ತಂಗಮ್ಮನ ವಠಾರದಲ್ಲಿ. ಸಾಲಾಗಿ ನಾಲ್ಕು ಬಾಗಿಲು. ಮೊದಲನೆಯದು ಯಜಮಾನಿ ತಂಗಮ್ಮನದು. ಎರಡನೆಯದರಲ್ಲಿ ಶನಿವಾರಸಂತೆ ಕಡೆಯ ರಂಗಮ್ಮ, ಹೊಲಿಗೆ ಮಿಶನ್ನು ಮತ್ತು ಒಂದು ಹಸುವಿನೊಡನೆ ಇದ್ದಳು; ಹಸು ಹಿತ್ತಲಲ್ಲಿತ್ತು. ಮೂರನೆಯದರಲ್ಲಿ ಸುಂಟಿಕೊಪ್ಪದ ಎಸ್ಟೇಟೊಂದರಲ್ಲಿ ಮೂವತ್ತಾರು ವರ್ಷ ರೈಟರ್ ಆಗಿದ್ದು ನಿವೃತ್ತರಾದ ಅಪ್ಪಯ್ಯ ಮತ್ತು ಜೀಪು ಓಡಿಸುವ ಮಿಲನ್ ಹಂಚಿಕೊಂಡಿದ್ದರು. ಕೊನೆಯದು ತೀರ್ಥನದು. ವಠಾರಕ್ಕೆ ತೀರ್ಥನ ಚಿತ್ರಗಳ ಬಗ್ಗೆ ಅಂಥ ಗೌರವವಿರಲಿಲ್ಲ. ಅಕ್ಷರದ ಬಗ್ಗೆ ಇತ್ತು. ಅಕ್ಷರ ವಿನ್ಯಾಸದ ಪೇಪರಿನಲ್ಲಿ ಅವನು ಕಾಲೇಜಿಗೇ ಮೊದಲಿಗನಾಗಿದ್ದ. 'ಇಲ್ಲಿ ಬ್ಲೌಸ್ ಹೊಲಿಯಲಾಗುವುದು', 'ಜೀಪು ಬಾಡಿಗೆಗೆ ಇದೆ', 'ಗೇಟು ಹಾಕಿಕೊಂಡು ಹೋಗಿ' ಇವೆಲ್ಲ ಅವನ ಕೈಬರಹವೇ.

ತಂಗಮ್ಮ ಶನಿವಾರ ಬೆಳಗ್ಗೆಯೇ ವಿರಾಜಪೇಟೆಗೆ ಮದುವೆಗೆ ಹೊರಟಿದ್ದರು. ಹಿಂದಿನ ದಿನ ತೀರ್ಥ ಹಳೇ ಸಾಮಾನು ಕೇಳಿದಾಗ ಧಾರಾಳವಾಗಿ ಉಗ್ರಾಣದ ಬೀಗದಕೈ ಕೊಟ್ಟಿದ್ದರು. "ಬೇಕಾದ್ದು ತಗೊ ಕುಂಞಿ" ಎಂದಿದ್ದರು, ಮಗುವನ್ನು ಕರೆಯುವಂತೆ. "ಒಡೆಯಬೇಡ, ಅಷ್ಟೇ."

ತೀರ್ಥ ಆರಿಸಿದ ಒಂದೊಂದಕ್ಕೂ ಚಿತ್ರಕಲೆಯ ಕಾರಣವಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅಂದು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ತಟ್ಟೆ ಬರೆಯಲು ಬರುವುದಿಲ್ಲವಾದ್ದರಿಂದ ಬಾಳೆಲೆ ಹಾಸಿದ. ಎಲೆಗೆ ಅಂಚು ಸೊಟ್ಟಗಿದ್ದರೂ ಯಾರೂ ಆಕ್ಷೇಪಿಸುವುದಿಲ್ಲ. ನೆರಳು ಕೊಡಲು ಉಂಡೆಗಿಂತ ಸುಲಭದ್ದಿಲ್ಲವೆಂದು ಹೋಟೆಲಿನಿಂದ ಮೂರು ಕಡಂಬುಟ್ಟು ತಂದು ಎಲೆಯ ಮೇಲಿಟ್ಟ. ಬಿಳಿಯ ಅಕ್ಕಿಯುಂಡೆಯ ಪಕ್ಕ ಕಪ್ಪಗಿನದೊಂದು ಬೇಕಲ್ಲ, ಅದಕ್ಕೆ ಹಂದಿಮಾಂಸದ ಸಾರು ಬಡಿಸಿದ. ಹಿಂದೆ ಎತ್ತರಕ್ಕೆ ಏನಾದರೂ ಇರಲೆಂದು ಉಗ್ರಾಣದಲ್ಲಿದ್ದ ಖಾಲಿ ರಮ್ ಬಾಟಲಿಗೆ ಟೀ ಡಿಕಾಕ್ಷನ್ ತುಂಬಿ ನಿಲ್ಲಿಸಿ, ಪಕ್ಕದಲ್ಲಿ ಗ್ಲಾಸಿಟ್ಟ. ಮೂಲೆಗೆ ಉಗ್ರಾಣದ ಮೊಳೆಯಲ್ಲಿದ್ದ ಒಂದು ಫೆಲ್ಟ್ ಹ್ಯಾಟು, ಓರೆಗೆ ಒಂದು ಊರುಗೋಲು. ನೆರಳು ಎರಡೆರಡು ಬೀಳಬಾರದೆಂದು ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟು, ಟ್ಯೂಬ್‌ಲೈಟು ಆರಿಸಿ, ಹಿತ್ತಾಳೆ ದೀಪವೊಂದನ್ನೇ ಎಡಕ್ಕೆ ಹಚ್ಚಿಟ್ಟ. ಕೊನೆಗೆ, ಸಾರಿನ ವಾಸನೆ ಹಿಡಿದು ಮಿಲನ್ ಬಂದುಬಿಟ್ಟಾನೆಂದು ಎರಡು ಊದುಬತ್ತಿ ಸಿಕ್ಕಿಸಿದ. ಫೋನನ್ನು ರಂಗಮ್ಮನ ಬಳಿ ಕೊಟ್ಟು ಬಂದು, ಬಾಗಿಲು ಮುಂದೆ ಮಾಡಿ ಬರೆಯಲು ಕೂತ.

ಹತ್ತೂವರೆಯ ಹೊತ್ತಿಗೆ ರಂಗಮ್ಮ ಬಾಗಿಲು ತಳ್ಳಿ, "ತಿಂಡಿ ಆಯ್ತೇನಪ್ಪ" ಎಂದು ಕೇಳಬೇಕೆಂದಿದ್ದವಳು ಕೇಳಲಿಲ್ಲ. ದೀಪ ನೋಡಿದಳು, ಎಲೆ ನೋಡಿದಳು, ಬಾಟಲಿ ನೋಡಿದಳು. ಹ್ಯಾಟು ಕಂಡದ್ದೇ ಸೆರಗು ಹೊದ್ದು ಕೈಮುಗಿದಳು.

ಆ ಹ್ಯಾಟು ತಂಗಮ್ಮನ ಗಂಡ, ತೀರಿಹೋಗಿ ಆರು ವರ್ಷವಾದ ಹವಾಲ್ದಾರ್ ನಾಣಯ್ಯನವರದು. ಊರುಗೋಲೂ ಅವರದೇ. ತೀರ್ಥ ವಠಾರಕ್ಕೆ ಬಂದದ್ದು ಮೂರು ವರ್ಷದ ಹಿಂದೆ. ಅವನಿಗೆ ಅದು ಬರೀ ಹ್ಯಾಟು. ವರ್ಷವರ್ಷವೂ ತಂಗಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಹೋಗಿ, ಹಿರಿಯರಿಗೆಲ್ಲ ಎಲೆ ಹಾಕಿ ಬಡಿಸುವಾಗ ಗಂಡನಿಗೂ ಬಡಿಸಿ ಬರುತ್ತಿದ್ದರು. ಈ ವರ್ಷ ಮಂಡಿನೋವಿನಿಂದ ಹೋಗಲಾಗಿರಲಿಲ್ಲ. "ಅವರು ಬಂದು ಖಾಲಿ ಎಲೆ ನೋಡಿ ಹೋಗಿರ್ತಾರೆ" ಎಂದು ಹದಿನೈದು ದಿನದಿಂದ ವಠಾರದವರ ಕಿವಿ ತೂತು ಮಾಡಿದ್ದರು.

"ತಂಗಮ್ಮೋರು ಹೇಳಿಕೊಟ್ಟು ಹೋದ್ರಾ, ನೀನೇ ಮಾಡಿದ್ದಾ?" ಎಂದಳು ರಂಗಮ್ಮ, ಪಿಸುದನಿಯಲ್ಲಿ.

"ನಾನೇ ಆಂಟಿ. ಸ್ಟಿಲ್ ಲೈಫು. ಎದುರಿಗಿಟ್ಟುಕೊಂಡು ಚಿತ್ರ ಬರೀಬೇಕು."

"ಪುಣ್ಯದ ಕೆಲಸ ಮಾಡೋರು ಮಾಡಿದೆ ಅಂತ ಹೇಳ್ಕಳಲ್ಲ ಕಣಪ್ಪ. ನಾವೂ ಹಿರೀಕರಿಗೆ ಎಡೆ ಇಕ್ತೀವಿ, ನನಗೆ ಗೊತ್ತಾಗಕಿಲ್ವಾ?" ಎಂದು ಕಣ್ಣೊರೆಸಿಕೊಂಡಳು. "ಎಲೆ ಮೇಲೆ ಒಣಮೀನೇ ಇಲ್ವಲ್ಲ. ನಾಣಯ್ಯೋರಿಗೆ ಅದು ಅಂದ್ರೆ ಪ್ರಾಣ."

ತೀರ್ಥ ಏಳುವಷ್ಟರಲ್ಲಿ ಹೋಗಿ, ಹುರಿದ ಒಣಮೀನೊಂದನ್ನು ತಂದು ಎಲೆಯ ನಡುಮಧ್ಯೆ ಇಟ್ಟುಬಿಟ್ಟಳು. ಎರಡು ಕಡಂಬುಟ್ಟು ಆಚೆ ಉರುಳಿದವು. ಎರಡೂವರೆ ಗಂಟೆ ಬರೆದ ಚಿತ್ರದಲ್ಲಿ ಇಲ್ಲದ ಮೀನು ಎಲೆಯ ಮೇಲೆ ಬಾಯಿ ತೆರೆದು ಮಲಗಿತ್ತು. ತೆಗೆಯಲು ಕೈ ಚಾಚಿದವನ ಕೈಗೆ ರಂಗಮ್ಮ ಒಂದೇಟು ಕೊಟ್ಟಳು. "ಇಕ್ಕಿದ್ದನ್ನ ತೆಗೀತಾರಾ?" ಎಂದು ಗದರಿಸಿ, ಅಪ್ಪಯ್ಯನಿಗೆ ಸುದ್ದಿ ಮುಟ್ಟಿಸಲು ಹೊರಟಳು.

ತೀರ್ಥ ನಿಟ್ಟುಸಿರಿಟ್ಟು ಮೀನನ್ನೂ ಚಿತ್ರಕ್ಕೆ ಸೇರಿಸತೊಡಗಿದ. ಮೀನಿನ ಬಾಲ ಮುಗಿಯುವಷ್ಟರಲ್ಲಿ ಅಪ್ಪಯ್ಯ ಬಂದು ಬಾಗಿಲಲ್ಲಿ ನಿಂತರು. ಮೂವತ್ತಾರು ವರ್ಷ ಆಳುಗಳ ತಲೆ ಎಣಿಸಿದವರು. ಏನು ಕಂಡರೂ ಮೊದಲು ಎಣಿಸಿ ಆಮೇಲೆ ಮಾತಾಡುವವರು. ದೀಪ, ಊದುಬತ್ತಿ, ಎಲೆ, ಬಾಟಲಿ ಎಲ್ಲವನ್ನೂ ಎಣಿಸಿ, "ಎಲ್ಲ ಸರಿಯಾಗುಂಟು" ಎಂದರು. "ಒಂದೇ ತಪ್ಪು. ನೀನು ಒಳಗಿದ್ದೀಯ."

"ನಾನು ಒಳಗಿರಲೇಬೇಕು ಅಪ್ಪಯ್ಯಣ್ಣ. ನಾಲ್ಕು ಗಂಟೆಗೆ ಸರ್ ಬರ್ತಾರೆ."

"ನಾಲ್ಕು ಗಂಟೆಗೆ ತಾನೆ? ಈಗ ನಾಣಯ್ಯ ಬರುವ ಹೊತ್ತು. ಬಡಿಸಿದ ಮೇಲೆ ಬಾಗಿಲು ಹಾಕಿ ಹೊರಗೆ ನಿಲ್ಲಬೇಕು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ನಿಮ್ಮ ಮನೆಯಲ್ಲಿ ಹೇಳಿಕೊಟ್ಟಿಲ್ಲವಾ?"

ಹೇಳಿಕೊಟ್ಟಿದ್ದರು. ತೀರ್ಥನ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಅದು ನೆನಪಾಗಿ ಅವನು ಎಲೆಯ ಕಡೆ ತಿರುಗಿ ನೋಡಿದ. ಆ ಗಳಿಗೆಯಲ್ಲಿ ಅಪ್ಪಯ್ಯ ಅವನ ರಟ್ಟೆ ಹಿಡಿದು ಹೊರಕ್ಕೆಳೆದು, ಬಾಗಿಲೆಳೆದು ಚಿಲಕ ಹಾಕಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

"ಎಷ್ಟು ಹೊತ್ತು?" ಎಂದ ತೀರ್ಥ. ಹನ್ನೊಂದೂಮುಕ್ಕಾಲಾಗಿತ್ತು.

"ಬೇರೆಯವರಾದರೆ ಅರ್ಧ ಗಂಟೆ ಸಾಕು. ನಾಣಯ್ಯ ನಿಧಾನಕ್ಕೆ ಉಣ್ಣುವವರು. ಮಿಲಿಟರಿ ಬಿಟ್ಟ ಮೇಲೆ ಅವರು ಯಾವುದಕ್ಕೂ ಅವಸರ ಮಾಡಿದ್ದಿಲ್ಲ."

"ಅಣ್ಣ, ಅದು ಪರೀಕ್ಷೆ. ನೋಡಿಕೊಂಡೇ ಬರೀಬೇಕು. ನೋಡದಿದ್ರೆ ಫೇಲು."

"ನೋಡಿದ್ರೆ ಅದಕ್ಕಿಂತ ಕಷ್ಟ. ನಮ್ಮ ಎಸ್ಟೇಟಿನಲ್ಲಿ ಒಬ್ಬ ಹೀಗೇ ಇಣುಕಿದ. ಮೂರು ತಿಂಗಳು ಕತ್ತು ತಿರುಗಲಿಲ್ಲ. ಮಸ್ಟರ್ ಕರೆಯುವಾಗ ಗೋಡೆ ಕಡೆ ಮುಖ ಮಾಡಿ ಹಾಜರಿ ಹೇಳ್ತಿದ್ದ. ಅವನ ಹೆಸರಿನ ಮುಂದೆ ನಾನೇ ಬರೆದಿದ್ದೇನೆ, ಪುಸ್ತಕ ಈಗಲೂ ಉಂಟು."

ತೀರ್ಥ ನೀರು ಕುಡಿಯುವ ನೆವ ಮಾಡಿ ಹಿತ್ತಲಿಗೆ ಸುತ್ತಿಹೋಗಿ, ಕಿಟಕಿಯ ಗೋಣಿತಟ್ಟಿನ ಅಂಚು ಎತ್ತಿ ಕಣ್ಣಿಟ್ಟ. ಹ್ಯಾಟಿನ ಅರ್ಧ ಕಂಡಿತು. ಅಷ್ಟರಲ್ಲಿ ಕಿವಿಗೆ ಎರಡು ಬೆರಳು ಬಿದ್ದವು. ಹಸುವಿಗೆ ಹುಲ್ಲು ಹಾಕಲು ಬಂದ ರಂಗಮ್ಮ ಅವನನ್ನು ಕಿವಿಯಿಂದಲೇ ಜಗಲಿಯವರೆಗೆ ತಂದು ಅಪ್ಪಯ್ಯನಿಗೊಪ್ಪಿಸಿದಳು. ಇಪ್ಪತ್ತೊಂದು ವರ್ಷದವನನ್ನು ಕಿವಿ ಹಿಡಿದು ತಂದದ್ದನ್ನು ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ತೀರ್ಥ ಮೆಟ್ಟಿಲ ಮೇಲೆ ಕೂತು, ಒಣಗುತ್ತಿದ್ದ ಬ್ರಶ್ಶನ್ನು ಪ್ಯಾಂಟಿಗೆ ಒರೆಸಿಕೊಂಡ.

ಹನ್ನೆರಡೂವರೆಗೆ ಮಿಲನ್ ಜೀಪು ನಿಲ್ಲಿಸಿ ಬಂದ. ವಿಷಯ ತಿಳಿದ ಮೇಲೆ ಕ್ಯಾಪು ತೆಗೆದು ಕಂಕುಳಲ್ಲಿಟ್ಟುಕೊಂಡ. "ನಾಣಯ್ಯ ಮಾವನಿಗಾ? ಮೊದಲೇ ಹೇಳಬಾರದಾ ಮಾರಾಯ. ಬಾಟಲಿ ಎಂತದ್ದು ಇಟ್ಟಿದ್ದೀ?"

"ರಮ್ಮು" ಎಂದರು ಅಪ್ಪಯ್ಯ. "ಮುಕ್ಕಾಲು ಬಾಟಲಿ."

ಮಿಲನ್ ಊಟಕ್ಕೆ ಹೊರಟಿದ್ದವನು ಅಲ್ಲೇ ಕೂತ. ಹಿರಿಯರು ಉಂಡೆದ್ದ ಮೇಲೆ ಉಳಿದದ್ದನ್ನು ಪ್ರಸಾದವೆಂದು ಮನೆಯವರು ಹಂಚಿಕೊಳ್ಳುವುದು ರೂಢಿ. ರೂಢಿ ಮುರಿಯುವ ಜಾಯಮಾನ ಅವನದಲ್ಲ.

ಒಂದು ಗಂಟೆಯ ಹೊತ್ತಿಗೆ ಒಳಗೆ 'ಟಣ್' ಎಂದಿತು. ಅಪ್ಪಯ್ಯ, ಮಿಲನ್, ರಂಗಮ್ಮ ಮೂವರೂ ಬಾಗಿಲಿಗೆ ಕಿವಿಗೊಟ್ಟರು.

"ಗ್ಲಾಸು" ಎಂದ ಮಿಲನ್, ಭಕ್ತಿಯಿಂದ.

"ಬೆಕ್ಕು" ಎಂದು ತೀರ್ಥ ಕಿರುಚಿ ಬಾಗಿಲಿಗೆ ಹಾರಿದ. ಗೋಣಿತಟ್ಟಿನ ಅಂಚನ್ನು ಎತ್ತಿ ಹಾಗೇ ಬಿಟ್ಟುಬಂದದ್ದು ಅವನಿಗೆ ನೆನಪಾಗಿತ್ತು. ಮಿಲನ್ ಸೊಂಟ ಹಿಡಿದ, ಅಪ್ಪಯ್ಯ ಕಾಲರ್ ಹಿಡಿದರು. ಒಳಗಿನಿಂದ ಎಲೆ ಎಳೆದಾಡಿದ ಸದ್ದು, ಆಮೇಲೆ ಏನೋ ಅಗಿಯುವ ಸದ್ದು ಬಂತು.

"ಎರಡನೇ ಸಲ ಬಡಿಸ್ಕೊಂಡ್ರು" ಎಂದು ರಂಗಮ್ಮ ಕಣ್ಣುಮುಚ್ಚಿ ಹೇಳಿದಳು. "ಪಾಪ, ಎಷ್ಟು ಹಸಿದಿದ್ರೋ."

ಒಂದೂವರೆಗೆ ಅಪ್ಪಯ್ಯ ಮೂರು ಸಲ ಕೆಮ್ಮಿ ಬಾಗಿಲು ತೆಗೆದರು. ದೀಪ ಉರಿಯುತ್ತಿತ್ತು. ಸಾರು ಒಂದು ಹನಿಯಿಲ್ಲದಂತೆ ಎಲೆ ಬರಿದಾಗಿತ್ತು. ಮೀನಿನ ಜಾಗದಲ್ಲಿ ಮೀನಿನ ಮುಳ್ಳಿತ್ತು. ಗ್ಲಾಸು ಮಗುಚಿತ್ತು. ಎರಡು ಕಡಂಬುಟ್ಟು ಹ್ಯಾಟಿನ ಹತ್ತಿರ ಉರುಳಿಕೊಂಡಿದ್ದವು, ಮೂರನೆಯದು ಎಲ್ಲಿಯೂ ಇರಲಿಲ್ಲ. ಬೆಕ್ಕು ಬಂದ ದಾರಿಯಲ್ಲೇ ಹೋಗಿತ್ತು.

ಮೂವರೂ ಕೈಮುಗಿದರು. ಆಮೇಲೆ ರಂಗಮ್ಮ ಉಳಿದ ಎರಡು ಕಡಂಬುಟ್ಟನ್ನು ನಾಲ್ಕು ಪಾಲು ಮಾಡಿದಳು. ಮಿಲನ್ ಬಾಟಲಿಯೆತ್ತಿ, ತೀರ್ಥನ ನೀರಿನ ಲೋಟಕ್ಕೆ ಮೂರು ಬೆರಳಷ್ಟು ಬಗ್ಗಿಸಿಕೊಂಡು, ಹ್ಯಾಟಿನ ಕಡೆ ತೋರಿಸಿ ಒಂದೇ ಗುಟುಕಿಗೆ ಇಳಿಸಿದ. ಲೋಟವನ್ನು ಮೂಸಿ ನೋಡಿದ. ತೀರ್ಥ ತನ್ನ ಸಂಕಟದ ನಡುವೆಯೂ ಅವನ ಮುಖ ನೋಡಿದ.

"ಕಿಕ್ ಪೂರ ಅವರೇ ತಗೊಂಡಿದ್ದಾರೆ" ಎಂದ ಮಿಲನ್ ಮೆಲ್ಲಗೆ. "ಬಣ್ಣ ಮಾತ್ರ ಬಿಟ್ಟಿದ್ದಾರೆ."

ಇದಾದ ಮೇಲೆ ಯಾರಿಗೂ ಯಾವ ಸಂಶಯವೂ ಉಳಿಯಲಿಲ್ಲ. ಮಿಲನ್ ತಂಗಮ್ಮನನ್ನು ಕರೆತರಲು ವಿರಾಜಪೇಟೆಗೆ ಜೀಪು ಬಿಟ್ಟ. ರಂಗಮ್ಮ, ಅಪ್ಪಯ್ಯ ಮಧ್ಯಾಹ್ನದ ನಿದ್ದೆಗೆ ಹೋದರು. ತೀರ್ಥ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಬರಿದಾದ ಎಲೆಯ ಮುಂದೆ ಕೂತ. ಅವನಿಗೆ ಅಳು ಬಂತು. ಚಿತ್ರದಲ್ಲಿದ್ದದ್ದು ಯಾವುದೂ ಎಲೆಯ ಮೇಲಿರಲಿಲ್ಲ, ಎಲೆಯ ಮೇಲಿದ್ದದ್ದು ಯಾವುದೂ ಚಿತ್ರದಲ್ಲಿರಲಿಲ್ಲ. ಉಳಿದದ್ದು ಎರಡು ಗಂಟೆ.

ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು ಎದುರಿಗಿದ್ದದ್ದನ್ನು ನೋಡಿದ. ಸಾಮಾನು ಹೇಗಿದ್ದರೂ ಸರಿ, ಚಿತ್ರ ಅದರಂತೇ ಇದ್ದರೆ ಸಾಕು ತಾನೆ? ಬೆಳಗಿನ ಚಿತ್ರದ ಮೇಲೆ ಬಿಳಿ ಬಳಿದು ಮೊದಲಿನಿಂದ ಶುರುಮಾಡಿದ. ಹೆದರಲು ಹೊತ್ತೇ ಇರಲಿಲ್ಲ. ಬೆಳಗ್ಗೆ ಅವನು ಉಂಡೆ ಬರೆಯುವುದು ಹೇಗೆಂದು ಯೋಚಿಸಿ ಉಂಡೆ ಬರೆದಿದ್ದ. ಈಗ ಕಂಡದ್ದನ್ನು ಬರೆದ. ಮೊಳೆಗೆ ನೇತುಹಾಕಿ ಹಾಕಿ ಹ್ಯಾಟಿನ ಎಡಬದಿ ಒಂದಿಷ್ಟು ಕುಸಿದಿರುವುದು ಕಂಡಿತು. ಊರುಗೋಲಿನ ಹಿಡಿ ಒಂದು ಅಂಗೈಯಷ್ಟು ಜಾಗದಲ್ಲಿ ಸವೆದು ಹೊಳೆಯುವುದು ಕಂಡಿತು. ಹರಿದ ಎಲೆ, ಮುಳ್ಳು, ಮಗುಚಿದ ಗ್ಲಾಸು, ಇವೆಲ್ಲದರ ನೆರಳು ದೀಪದಿಂದ ದೂರಕ್ಕೆ ಒಂದೇ ಕಡೆ ಸರಿದಿತ್ತು. ಈಗಷ್ಟೇ ಯಾರೋ ಉಂಡು, ಹ್ಯಾಟು ಮರೆತು, ಎದ್ದುಹೋದಂತೆ.

ಮೂರೂಮುಕ್ಕಾಲಿಗೆ ಬ್ರಶ್ ಕೆಳಗಿಟ್ಟ. ಚಿತ್ರ ಚೆನ್ನಾಗಿತ್ತು. ಚೆನ್ನಾಗಿದೆಯೆಂದು ಅವನಿಗೇ ಗೊತ್ತಾಗುವಷ್ಟು ಚೆನ್ನಾಗಿತ್ತು. ಮೂರು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

"ತೀರ್ಥ, ನಿಮ್ ಮೇಷ್ಟ್ರು ಫೋನು" ಎಂದು ರಂಗಮ್ಮ ಹೊರಗಿನಿಂದ ಕೂಗಿದಳು. ಪ್ರಜ್ಞೇಶ್ ಸರ್ ದಾರಿ ತಪ್ಪಿ ಬಸ್‌ಸ್ಟ್ಯಾಂಡಿನ ಆಚೆ ಮೆಣಸಿನ ಗೋಡೌನಿನ ಮುಂದೆ ನಿಂತಿದ್ದರು. ತೀರ್ಥ ರೂಮಿಗೆ ಬೀಗ ಹಾಕಿ, ಬೀಗ ಎರಡು ಸಲ ಎಳೆದು ನೋಡಿ ಓಡಿದ. ಒಂದು ಬೀಗದಕೈ ಅವನ ಜೇಬಿನಲ್ಲಿತ್ತು. ಇನ್ನೊಂದು, ಎಲ್ಲ ರೂಮುಗಳದ್ದೂ ಇರುವಂತೆ, ತಂಗಮ್ಮನ ಸೊಂಟದಲ್ಲಿತ್ತು. ಅವನು ಓಣಿಯ ಆ ತುದಿ ತಿರುಗುವಾಗ ಮಿಲನನ ಜೀಪು ಈ ತುದಿಯಲ್ಲಿ ಒಳಗೆ ಬಂತು.

ಮೇಷ್ಟ್ರನ್ನು ಕರೆದುಕೊಂಡು ಹದಿನೈದು ನಿಮಿಷದಲ್ಲಿ ಹಿಂತಿರುಗಿದಾಗ ರೂಮಿನ ಬಾಗಿಲು ಹಾರು ಹೊಡೆದಿತ್ತು. ಒಳಗೆ ಸೆಗಣಿ ಹಾಕಿ ಸಾರಿಸಿದಂತೆ ನೆಲ ಒದ್ದೆಯಾಗಿತ್ತು. ಎಲೆಯಿಲ್ಲ, ಮುಳ್ಳಿಲ್ಲ, ದೀಪವಿಲ್ಲ, ಹ್ಯಾಟಿಲ್ಲ, ಚಿತ್ರವೂ ಇಲ್ಲ.

ಎಲ್ಲರೂ ತಂಗಮ್ಮನ ಹಜಾರದಲ್ಲಿದ್ದರು. ಹ್ಯಾಟು ಅಲ್ಲಿನ ಗೋಡೆಯ ಮೊಳೆಗೇರಿತ್ತು. ಅದರ ಕೆಳಗೆ, ಹಿತ್ತಾಳೆ ದೀಪದ ಹಿಂದೆ, ಇನ್ನೂ ಪೂರ್ತಿ ಒಣಗದ ಚಿತ್ರಕ್ಕೆ ಮದುವೆಮನೆಯಿಂದ ತಂದ ಮಲ್ಲಿಗೆ ಮಾಲೆ ಬಿದ್ದಿತ್ತು. ತಂಗಮ್ಮ ಮದುವೆಯ ಸೀರೆಯಲ್ಲೇ ಅದರ ಮುಂದೆ ಕೂತು ಅಳುತ್ತಿದ್ದರು. ಅದು ದುಃಖದ ಅಳುವಲ್ಲ.

ಪ್ರಜ್ಞೇಶ್ ಸರ್ ಚಿತ್ರದ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹತ್ತಿರ ಹೋದರು, ದೂರ ಬಂದರು. ಮೂರು ವರ್ಷದಲ್ಲಿ ತೀರ್ಥನ ಯಾವ ಚಿತ್ರದ ಮುಂದೆಯೂ ಅವರು ಅಷ್ಟು ಹೊತ್ತು ನಿಂತಿರಲಿಲ್ಲ.

"ಈ ಹ್ಯಾಟು" ಎಂದರು ಕೊನೆಗೆ. "ಎಡಗಡೆ ಕುಸಿದಿದೆ ನೋಡು. ಇದನ್ನು ಗಂಟೆಗಟ್ಟಲೆ ನೋಡಿದವನು ಮಾತ್ರ ಬರೆಯಬಲ್ಲ." ಆಮೇಲೆ ಜೇಬಿನಿಂದ ಫಾರ್ಮು ತೆಗೆದರು. "ಸಾಮಾನು ಎಲ್ಲಿ?"

"ಇಲ್ಲೇ ಇತ್ತು ಸರ್" ಎಂದ ತೀರ್ಥ. "ಆಂಟಿ, ಎಲೆ ಎಲ್ಲಿ?"

"ಉಂಡೆಲೆ ಹಂಗೇ ಬಿಡ್ತಾರೇನಪ್ಪ? ಹಸುಗೆ ಹಾಕ್ದೆ" ಎಂದಳು ರಂಗಮ್ಮ. ಹಿತ್ತಲಲ್ಲಿ ಹಸು ಮೆಲುಕು ಹಾಕುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು.

ಸರ್ ಹಸುವನ್ನು ನೋಡಿದರು, ಫಾರ್ಮು ನೋಡಿದರು. ಕಟ್ಟುನಿಟ್ಟಿನ ಮನುಷ್ಯ, ಆದರೆ ಕಟುಕನಲ್ಲ. "ಆಯ್ತು. ನೀವೆಲ್ಲ ಬೆಳಗ್ಗೆಯಿಂದ ಇಲ್ಲೇ ಇದ್ದಿರಲ್ಲ. ಇವನು ಸಾಮಾನು ನೋಡಿಕೊಂಡು ಬರೆದದ್ದು ನಿಜ ತಾನೆ? ನೀವು ಹೇಳಿದರೆ ಸಾಕು."

ತೀರ್ಥನಿಗೆ ಜೀವ ಬಂತು. ಅವನು ರಂಗಮ್ಮನ ಮುಖ ನೋಡಿದ. ರಂಗಮ್ಮ ಬೆಚ್ಚಿಬಿದ್ದಿದ್ದಳು. ಹಿರಿಯರು ಉಣ್ಣುವಾಗ ನೋಡಿದನೆಂಬ ಅಪವಾದ, ಅದೂ ಯಜಮಾನಿಯ ಎದುರು. ಆ ಹುಡುಗನ ಮಾನ ಉಳಿಸುವುದು ತನ್ನ ಕರ್ತವ್ಯವೆಂದು ಅವಳಿಗನಿಸಿತು.

"ಅಯ್ಯೋ, ಇಲ್ಲ ಸ್ವಾಮಿ. ನೋಡೋ ಪೈಕಿ ಹುಡುಗನೇ ಅಲ್ಲ ಇವನು. ಕಣ್ಣೆತ್ತಿ ನೋಡಿಲ್ಲ."

"ನೋಡಲಿಕ್ಕೆ ನಾನು ಬಿಟ್ಟಿಲ್ಲ" ಎಂದರು ಅಪ್ಪಯ್ಯ. "ಹನ್ನೊಂದೂಮುಕ್ಕಾಲಿನಿಂದ ಒಂದೂವರೆವರೆಗೆ ಬಾಗಿಲಿಗೆ ಚಿಲಕ. ನಾನೇ ಕುರ್ಚಿ ಹಾಕಿ ಕೂತಿದ್ದೆ. ಬೇಕಾದರೆ ಬರೆದು ಕೊಡ್ತೇನೆ."

"ಒಂದು ಸಲ ಕಿಟಕಿ ಹತ್ರ ಹೋದನಂತೆ ಸರ್, ಸುಳ್ಳು ಹೇಳಬಾರದು" ಎಂದ ಮಿಲನ್. "ಆದರೆ ಆಂಟಿ ಕೂಡಲೇ ಹಿಡಿದರು. ಅರ್ಧ ಹ್ಯಾಟಿಗಿಂತ ಹೆಚ್ಚು ನೋಡಿಲ್ಲ."

"ಆಮೇಲೆ ಬರೆದೆ ಸರ್" ಎಂದ ತೀರ್ಥ. "ಇವರೆಲ್ಲ ಮಲಗಿದ ಮೇಲೆ, ಬಾಗಿಲು ಹಾಕಿಕೊಂಡು ಬರೆದೆ. ನೋಡಿಯೇ ಬರೆದೆ. ಕೈ ನೋಡಿ ಸರ್, ಇನ್ನೂ ಬಣ್ಣ ಇದೆ."

"ಬಣ್ಣ ಹೋದ ಸಲವೂ ಇತ್ತು" ಎಂದರು ಸರ್. ಅವರ ಹಣೆ ಗಂಟಿಕ್ಕಿತ್ತು. "ನೋಡದೆ ಈ ಚಿತ್ರ ಬರೆಯಲು ಸಾಧ್ಯವೇ ಇಲ್ಲ. ನೀನು ನೋಡಿಲ್ಲ ಅಂತ ಮೂರು ಜನ ಹೇಳ್ತಿದ್ದಾರೆ. ತಟ್ಟೆ ಬರೆಯಲು ಬಾರದವನು ಎರಡು ಗಂಟೆಯಲ್ಲಿ ಇದನ್ನು ಬರೆದೆ ಅಂದರೆ ನಾನು ಹೇಗೆ ನಂಬಲಿ? ನೋಡಿದವರು ಬೇರೆ ಯಾರೋ ಇದ್ದಾರೆ. ಹೇಳಿ, ಇದನ್ನು ಬರೆದವರು ಯಾರು?"

ತಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತರು. ಅವರಿಗೆ ಈ ವಿಷಯದಲ್ಲಿ ಗೊಂದಲವೇ ಇರಲಿಲ್ಲ. ಗಂಡನ ಕೋಲು ಎಲ್ಲಿ ಸವೆದಿದೆಯೆಂದು ಬಾಡಿಗೆಯ ಹುಡುಗನಿಗೆ ಹೇಗೆ ಗೊತ್ತಿರಬೇಕು?

"ನಮ್ಮ ಯಜಮಾನರು" ಎಂದರು.

"ಅವರು ಆರ್ಟಿಸ್ಟಾ?"

"ಮಿಲಿಟರಿ. ಗೇಟಿಗೆ, ಕಿಟಕಿಗೆ ಎಲ್ಲ ಅವರೇ ಪೇಂಟ್ ಹೊಡೀತಿದ್ರು. ಕೈ ತುಂಬ ಚೊಕ್ಕ."

"ಈಗ ಎಲ್ಲಿದ್ದಾರೆ? ಮಾತಾಡಬಹುದಾ?"

"ಮಧ್ಯಾಹ್ನ ಬಂದಿದ್ದರು" ಎಂದರು ತಂಗಮ್ಮ. ಅವರ ಮುಖ ಬೆಳಗಿತ್ತು. "ಊಟ ಮಾಡಿಕೊಂಡು ಹೋದರು."

ವಠಾರವೆಲ್ಲ ಹೌದೆಂದು ತಲೆಯಾಡಿಸಿತು. "ಹಂದಿಮಾಂಸ ಒಂದು ಚೂರು ಬಿಟ್ಟಿಲ್ಲ" ಎಂದು ಮಿಲನ್ ಸೇರಿಸಿದ.

"ಸರ್, ಅವರು ತೀರಿಹೋಗಿ ಆರು ವರ್ಷ ಆಯ್ತು" ಎಂದು ತೀರ್ಥ ಕೂಗಿಕೊಂಡ.

ಪ್ರಜ್ಞೇಶ್ ಸರ್ ಅವನ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಕೋಪಕ್ಕಿಂತ ಬೇಸರ ಹೆಚ್ಚಿತ್ತು. "ಇಷ್ಟು ಚೆನ್ನಾಗಿ ಚಿತ್ರ ಬರೆದುಕೊಟ್ಟ ಹಿರಿಯರನ್ನು ಅವರ ಹೆಂಡತಿಯ ಎದುರೇ ಸತ್ತರು ಅಂತೀಯಲ್ಲ. ಸುಳ್ಳಿಗೂ ಒಂದು ಮರ್ಯಾದೆ ಬೇಕು ತೀರ್ಥಪ್ರಸಾದ್." ಫಾರ್ಮನ್ನು ಮೊಣಕಾಲ ಮೇಲಿಟ್ಟುಕೊಂಡು 'ವಿದ್ಯಾರ್ಥಿಯ ಸ್ವಂತ ಕೃತಿಯಲ್ಲ' ಎಂದು ಬರೆದು ಸಹಿ ಹಾಕಿದರು. ಹೋಗುವ ಮುನ್ನ ಮತ್ತೊಮ್ಮೆ ಚಿತ್ರದ ಕಡೆ ತಿರುಗಿ, ತಂಗಮ್ಮನಿಗೆ ಕೈಮುಗಿದರು. "ನಿಮ್ಮ ಯಜಮಾನರು ಪುರುಸೊತ್ತಾದಾಗ ನಮ್ಮ ಕಾಲೇಜಿಗೆ ಬಂದು ಹುಡುಗರಿಗೆ ಒಂದು ಕ್ಲಾಸ್ ಮಾಡಿದರೆ ಬಹಳ ಸಂತೋಷ."

"ಬಂದಾಗ ಹೇಳ್ತೇನೆ" ಎಂದರು ತಂಗಮ್ಮ.

ಮೇಷ್ಟ್ರ ಸ್ಕೂಟರಿನ ಸದ್ದು ಓಣಿ ದಾಟಿತು. ತೀರ್ಥ ಹಜಾರದ ಕಂಬಕ್ಕೊರಗಿ ಕೂತಿದ್ದ. ಚಿತ್ರವನ್ನಾದರೂ ಕೇಳೋಣವೆಂದು ಬಾಯಿ ತೆರೆದ. ಹಿರಿಯರ ಮುಂದೆ ದೀಪ ಹಚ್ಚಿಟ್ಟದ್ದನ್ನು ಎತ್ತುವಂತಿಲ್ಲವೆಂದು ಅಪ್ಪಯ್ಯ ಅವನು ಕೇಳುವ ಮೊದಲೇ ಹೇಳಿದರು.

ತಂಗಮ್ಮ ಬಂದು ಅವನ ತಲೆ ಸವರಿದರು. "ಬೇಜಾರು ಮಾಡ್ಕೊಬೇಡ ಕುಂಞಿ. ಎಲೆ ಹಾಕಿದ್ದು ನೀನೇ ಅಲ್ವಾ, ಅದರ ಪುಣ್ಯ ನಿನಗುಂಟು. ಈಗ ಒಂದು ಉಪಕಾರ ಮಾಡು. ಚಿತ್ರದ ಕೆಳಗೆ ಬರೆದವರ ಹೆಸರಿಲ್ಲ. ನಿನ್ನ ಅಕ್ಷರ ಚೆನ್ನಾಗಿರ್ತದೆ."

ರಂಗಮ್ಮ ಅವನ ಬ್ರಶ್ಶು, ಬಣ್ಣ ತಂದುಕೊಟ್ಟಳು. ಮಿಲನ್ ಮಾಲೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದ. ತೀರ್ಥ ಮಂಡಿಯೂರಿ, ತಾನು ಬರೆದ ಚಿತ್ರದ ಬಲಗಡೆ ಕೆಳಗೆ 'ಹವಾಲ್ದಾರ್ ನಾಣಯ್ಯ' ಎಂದು ಬರೆದ. ಅಕ್ಷರ ಮುತ್ತು ಪೋಣಿಸಿದಂತೆ ಬಂತು.

ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬಗ್ಗಿ, ಒಂದೊಂದೇ ಅಕ್ಷರ ಎಣಿಸುವವರಂತೆ ನೋಡಿದರು. ಅಂದು ಅವರು ಮನಸಾರೆ ಮೆಚ್ಚಿದ್ದು ಅದೊಂದನ್ನೇ. "ಎಲ್ಲ ಒಂದೇ ಅಳತೆ. ಎಲ್ಲೂ ಗೆರೆ ದಾಟಿಲ್ಲ. ಇದು ಹಾಜರಿ ಪುಸ್ತಕಕ್ಕೆ ಹೇಳಿ ಮಾಡಿಸಿದ ಅಕ್ಷರ ಮಾರಾಯ" ಎಂದರು. "ಸೋಮವಾರ ಭಾಗಮಂಡಲದ ಕಡೆಗೆ ಮೊದಲ ಬಸ್ಸು ಆರೂಕಾಲಿಗೆ. ನಾನೇ ಎಬ್ಬಿಸ್ತೇನೆ."